ಒಂದು ದಶಕದ ಸಾಕ್ಷಿ

ಈಚೆಗೆ ಪತ್ರಿಕೆಗಳಲ್ಲಿಯೂ ಗೆಳೆಯರ ಮಾತುಕತೆಯಲ್ಲಿಯೂ ಒಂದು ಪ್ರಶ್ನೆ ಪದೇ ಪದೇ ಕಿವಿಗೆ ಬೀಳುತ್ತಿದೆ. ಇಂಥ ದಶಕದ ಜೀವಾಳವನ್ನು ಹಿಡಿದಿಟ್ಟ ಚಲಚ್ಚಿತ್ರ ಯಾವುದು? ಅರವತ್ತರ ದಶಕಕ್ಕೆ ಒಂದು, ಎಪ್ಪತ್ತರದಕ್ಕೆ ಒಂದು, ಎಂಬತ್ತರದಕ್ಕೆ ಒಂದು ಎಂದು ಪಟ್ಟಿಗಳು ತಯಾರಾಗುತ್ತಿವೆ. ಪಟ್ಟಿ ಓದುವುದು ಒಂದು ಸುಖ. ಅದರೊಡನೆ ಜಗಳವಾಡುವುದು ಅದಕ್ಕಿಂತ ಹೆಚ್ಚಿನ ಸುಖ. ಎರಡನ್ನೂ ನಾನು ಬಿಟ್ಟವನಲ್ಲ. ಆದರೆ ಕನ್ನಡ ಪಾಠ ಹೇಳುವವನಿಗೆ ಉತ್ತರಕ್ಕಿಂತ ಮೊದಲು ಪ್ರಶ್ನೆಯಲ್ಲಿರುವ ಮಾತುಗಳ ಮೇಲೆಯೇ ಕಣ್ಣು ಹೋಗುತ್ತದೆ. ಹತ್ತು ವರ್ಷಕ್ಕೊಂದರಂತೆ ಜೀವಾಳವೆಂಬುದು ಉಂಟೆ? ಉಂಟಾದರೆ ಅದು ಯಾರ ಜೀವಾಳ?

ದಶಕವೆಂಬುದು ಎಣಿಕೆಯ ಅನುಕೂಲಕ್ಕೆ ನಾವು ಎಳೆದುಕೊಂಡ ಗೆರೆ. 1969ರ ಡಿಸೆಂಬರ್ 31ರ ರಾತ್ರಿ ಮಲಗಿದವನು ಮರುದಿನ ಬೇರೆ ಮನುಷ್ಯನಾಗಿ ಏಳಲಿಲ್ಲ. ಆದರೂ ಕಾಲಧರ್ಮ ಎಂಬ ಮಾತು ನಮ್ಮಲ್ಲಿದೆ. ಕಾಲಕ್ಕೊಂದು ಸ್ವಭಾವವಿದೆಯೆಂಬ ನಂಬಿಕೆ ಅದರ ಹಿಂದಿದೆ. ಹಳೆಯ ಗ್ರಂಥಗಳಲ್ಲಿ ಈ ಮಾತಿಗೆ ಮರಣವೆಂಬ ಅರ್ಥವೂ ಉಂಟು. ಒಂದು ಕಾಲ ಸತ್ತ ಮೇಲೆಯೇ ಅದರ ಧರ್ಮ ಯಾವುದೆಂದು ವಿಚಾರಿಸುವುದು ನಮ್ಮ ಪದ್ಧತಿಯಾದ್ದರಿಂದ ಈ ಎರಡು ಅರ್ಥಗಳು ಬಹಳ ದೂರದವೇನೂ ಅಲ್ಲ.

ನಾನು ಎಪ್ಪತ್ತರ ದಶಕವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದು ಕಳೆದ ಮೇಲೆ ಹುಟ್ಟಿದವನು ನಾನು. ನನ್ನ ಪಾಲಿಗೆ ಅದು ನೆನಪಲ್ಲ. ಹಿರಿಯರಿಂದ ಕೇಳಿದ್ದು, ದೂರದರ್ಶನದಲ್ಲಿ ಭಾನುವಾರ ಸಂಜೆ ಬರುತ್ತಿದ್ದ ಕನ್ನಡ ಚಿತ್ರಗಳಲ್ಲಿ ನೋಡಿದ್ದು. ಕೇಳಿದ್ದೂ ನೋಡಿದ್ದೂ ಒಂದಕ್ಕೊಂದು ಹೊಂದದೆ ಹೋದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡಿದೆ.

ಇಂದಿನ ನಿರ್ದೇಶಕರು ಆ ಕಾಲವನ್ನು ತೋರಿಸಬೇಕಾದರೆ ಬೆಲ್ ಬಾಟಂ ಪ್ಯಾಂಟು, ಕಿವಿ ಮುಚ್ಚುವ ಕ್ರಾಪು, ಅಂಬಾಸಡರ್ ಕಾರು, ಮೇಜಿನ ಮೇಲೊಂದು ದೊಡ್ಡ ರೇಡಿಯೋ ತಂದಿಡುತ್ತಾರೆ. ಅದು ಕಾಲದ ವೇಷ. ವೇಷದಿಂದ ಮನುಷ್ಯನನ್ನು ಗುರುತಿಸಬಹುದು, ಅರಿಯಲಾಗದು. ಆದರೆ ಆ ದಶಕದವರೇ ತೆಗೆದ ಹೆಸರಾಂತ ಚಿತ್ರಗಳನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಆ ಹತ್ತು ವರ್ಷಗಳಲ್ಲಿ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಗೌರವ ಮೂರು ಸಲ ಕನ್ನಡಕ್ಕೆ ಬಂದಿತು: 1970ರ ‘ಸಂಸ್ಕಾರ’ಕ್ಕೆ, 1975ರ ‘ಚೋಮನ ದುಡಿ’ಗೆ, 1977ರ ‘ಘಟಶ್ರಾದ್ಧ’ಕ್ಕೆ. ಮೂರರಲ್ಲಿ ಒಂದಾದರೂ ಎಪ್ಪತ್ತರ ದಶಕದ ಕಥೆಯಲ್ಲ! ಎರಡು ಹಳೆಯ ಅಗ್ರಹಾರದವು, ಒಂದು ಬ್ರಿಟಿಷರ ಕಾಲದ ದಕ್ಷಿಣ ಕನ್ನಡದ್ದು. ಹಾಗಿದ್ದೂ ಎಪ್ಪತ್ತರ ದಶಕವೆಂದರೆ ಬಲ್ಲವರು ಮೊದಲು ಎತ್ತುವುದು ಇವುಗಳ ಹೆಸರನ್ನೇ. ಇದನ್ನು ಅವಿವೇಕವೆಂದು ತಳ್ಳಿಹಾಕುವಂತಿಲ್ಲ. ಒಂದು ಕಾಲದ ಜೀವಾಳವಿರುವುದು ಅದು ಯಾವ ಬಟ್ಟೆ ಉಟ್ಟಿತು ಎಂಬುದರಲ್ಲಿ ಅಲ್ಲ; ಹಿಂದೆ ಆಡಲಾಗದಿದ್ದ ಯಾವ ಮಾತನ್ನು ಆಡುವ ಎದೆಗಾರಿಕೆ ಅದಕ್ಕೆ ಬಂತು ಎಂಬುದರಲ್ಲಿ ಎಂದು ನನಗೆ ತೋರುತ್ತದೆ.

ನೆಲದ ಮಾತನ್ನೇ ತೆಗೆದುಕೊಳ್ಳೋಣ. 1972ರಲ್ಲಿ ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ ತೆರೆಗೆ ಬಂತು. ಟಿ. ಕೆ. ರಾಮರಾಯರ ಕಾದಂಬರಿ, ರಾಜಕುಮಾರರ ಅಭಿನಯ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅಕ್ಕನ ಮನೆಯ ಭಾರ ಹೊತ್ತ ರಾಜೀವ ಕಲ್ಲುಭೂಮಿಯನ್ನು ಹಸನು ಮಾಡಿ ಹೊನ್ನು ಬೆಳೆಯುತ್ತಾನೆ; ಕೊನೆಗೆ, ತಾನು ಸಾಕಿದವನೇ ಸಂಶಯಪಟ್ಟಾಗ ಕೈಬೀಸಿಕೊಂಡು ಹೊರಟುಹೋಗುತ್ತಾನೆ. ಈ ಚಿತ್ರ ನೋಡಿ ಪಟ್ಟಣದ ಕೆಲಸ ಬಿಟ್ಟು ಹಳ್ಳಿಗೆ ಮರಳಿದ ಯುವಕರಿದ್ದರೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಎಷ್ಟು ಜನ ಮರಳಿದರೋ, ಮರಳಬೇಕೆಂದು ಆಸೆಪಟ್ಟವರಂತೂ ಅಸಂಖ್ಯ. ಆ ಆಸೆ ಸುಳ್ಳಲ್ಲ. ದುಡಿದವನಿಗೆ ನೆಲ ಒಲಿಯುತ್ತದೆಂಬ ನಂಬಿಕೆಯನ್ನು ಅಷ್ಟು ಸುಂದರವಾಗಿ ನಮಗೆ ಹೇಳಿದವರು ಇನ್ನೊಬ್ಬರಿಲ್ಲ. ಆ ಹೊಲಕ್ಕೆ ಕೂಲಿಗೆ ಬಂದವರು ಯಾರು, ಅವರಿಗೂ ನೆಲದ ಆಸೆಯಿತ್ತೆ ಎಂದು ಮಾತ್ರ ಚಿತ್ರ ಕೇಳುವುದಿಲ್ಲ. ಕೇಳಬೇಕೆಂದು ನೋಡುವವರೂ ಬಯಸಲಿಲ್ಲ.

ಮೂರು ವರ್ಷಗಳ ತರುವಾಯ ಬಿ. ವಿ. ಕಾರಂತರು ‘ಚೋಮನ ದುಡಿ’ ತೆಗೆದರು. ಶಿವರಾಮ ಕಾರಂತರು ಆ ಕಾದಂಬರಿಯನ್ನು ಬರೆದದ್ದು 1933ರಲ್ಲಿ. ಚೋಮನಿಗೆ ಒಂದು ಜೊತೆ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಎದೆಯಲ್ಲಿ ಆಸೆಯಿದೆ. ಇಲ್ಲದಿರುವುದು ಒಂದೇ, ಉಳಲು ನೆಲ. ಅಸ್ಪೃಶ್ಯನೆಂಬ ಒಂದೇ ಕಾರಣಕ್ಕೆ ಅದು ಅವನಿಗೆ ಗೇಣಿಗೂ ಸಿಕ್ಕುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಮನೆ ಒಂದೊಂದಾಗಿ ಬರಿದಾಗುತ್ತದೆ. ಉಳಿಯುವುದು ದುಡಿಯ ಸದ್ದು. ಚೋಮನಾಗಿ ವಾಸುದೇವರಾಯರನ್ನು ನೋಡಿದವರಿಗೆ ಅದು ನಟನೆಯೆಂಬ ಭಾವನೆ ಕೊನೆಯವರೆಗೂ ಬರುವುದಿಲ್ಲ. ಪುಸ್ತಕದಲ್ಲಿ ನಲವತ್ತೆರಡು ವರ್ಷ ಇದ್ದ ಈ ಮಾತು ತೆರೆಯ ಮೇಲೆ ಬಂದದ್ದು 1975ರಲ್ಲಿ ಎಂಬುದು ಆಕಸ್ಮಿಕವೆ? ಅದಕ್ಕೆ ಹಿಂದಿನ ವರ್ಷ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಗೇಣಿಗೆ ಕೊಟ್ಟ ಜಮೀನು ಸರ್ಕಾರದ ವಶವಾಯಿತು. ಉಳುತ್ತಿದ್ದವನು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ತೋರಿಸಿಕೊಟ್ಟರೆ ನೆಲ ಅವನದು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ನೆಲ ಯಾರದೆಂಬ ಪ್ರಶ್ನೆಯನ್ನು ತಾಲ್ಲೂಕು ಕಚೇರಿಯಲ್ಲಿಯೇ ಕೂಗಿ ಕೇಳುವ ದಿನ ಬಂದಿದ್ದರಿಂದಲೇ ಚೋಮನ ದನಿ ನಮ್ಮ ಕಿವಿಗೆ ಕೇಳಿಸಿತು.

ಇಲ್ಲಿ ಮನೆಯ ಸಂಗತಿಯೊಂದನ್ನು ಹೇಳಬೇಕಾಗಿದೆ. ತೀರ್ಥಹಳ್ಳಿಯ ಕಡೆ ನಮ್ಮ ಅಜ್ಜಿಗೆ ಮೂರು ಎಕರೆ ಗದ್ದೆಯಿತ್ತು. ಅಜ್ಜ ಚಿಕ್ಕ ವಯಸ್ಸಿನಲ್ಲಿಯೇ ಹೋದ ಮೇಲೆ ಗೇಣಿಯ ಅಕ್ಕಿಯೇ ಆಕೆಗೂ ನಾಲ್ಕು ಮಕ್ಕಳಿಗೂ ಆಧಾರ. ಎಪ್ಪತ್ತನಾಲ್ಕರಲ್ಲಿ ಒಕ್ಕಲು ಡಿಕ್ಲರೇಷನ್ ಕೊಟ್ಟ, ಗದ್ದೆ ಅವನದಾಯಿತು. ಮುಂದೆ ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಒಂದು ಭಾನುವಾರ ದೂರದರ್ಶನದಲ್ಲಿ ‘ಚೋಮನ ದುಡಿ’ ಬಂತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಪೂರ್ತಿ ನೋಡಿದರು. “ಪಾಪ, ಅಂಗೈಯಗಲ ನೆಲ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?” ಎಂದರು. ಅದೇ ವಾರ, ಊರಿನಿಂದ ಬಂದವರೊಬ್ಬರು ಆ ಒಕ್ಕಲಿನ ಹೆಸರೆತ್ತಿದಾಗ, “ನಮ್ಮ ಅನ್ನ ಕಸಿದುಕೊಂಡವನ ಸುದ್ದಿ ನನ್ನ ಮುಂದೆ ಬೇಡ” ಎಂದು ಎದ್ದು ಒಳಗೆ ಹೋದರು.

ಇದನ್ನು ಹೇಳಿ ಅಜ್ಜಿಯನ್ನು ಕಪಟಿ ಎನ್ನುವುದು ಸುಲಭ. ಆದರೆ ಅದು ನ್ಯಾಯವಲ್ಲ. ಆಕೆಯ ಕಣ್ಣೀರೂ ನಿಜ, ಸಿಟ್ಟೂ ನಿಜ. ಗೇಣಿಯನ್ನೇ ನಂಬಿ ಬದುಕಿದ್ದ ವಿಧವೆಯರು ಆಗ ಪಟ್ಟ ಪಾಡು ಕಟ್ಟುಕಥೆಯಲ್ಲ. ಅಂಥವರ ಪಾಡಿಗಾಗಿ ತಲೆತಲಾಂತರ ಉತ್ತವನಿಗೆ ನೆಲ ಸಿಕ್ಕಬಾರದಿತ್ತು ಎಂದು ನಾನು ಹೇಳಲಾರೆ. ಕಾನೂನು ಸರಿಯಾದದ್ದನ್ನೇ ಮಾಡಿತು. ಸರಿಯಾದದ್ದು ನಡೆದಾಗಲೂ ಯಾರಾದರೊಬ್ಬರ ಒಲೆ ಆರುತ್ತದೆ ಎಂಬುದನ್ನು ಮಾತ್ರ ನಾನು ನಮ್ಮ ಮನೆಯಲ್ಲಿಯೇ ಕಲಿತೆ. ತೆರೆಯ ಮೇಲಿನ ಚೋಮ ನಮ್ಮಿಂದ ಏನನ್ನೂ ಕೇಳುವುದಿಲ್ಲ, ಒಂದು ಹನಿ ಕಣ್ಣೀರಿನ ಹೊರತು. ನೆಲ ಕೇಳುವವನು ಮನೆಬಾಗಿಲಿಗೆ ಬಂದಾಗ ಕರುಣೆಯ ಲೆಕ್ಕವೇ ಬೇರೆ.

ಇನ್ನೂ ಒಂದು ತೊಡಕಿದೆ. ಆ ಒಕ್ಕಲಿನ ಮಗನನ್ನು ನಾನು ಕೆಲವು ವರ್ಷಗಳ ಹಿಂದೆ ಊರಿನಲ್ಲಿ ಕಂಡೆ. ಅರವತ್ತು ದಾಟಿದವರು, ಬಾಯ್ತುಂಬ ಮಾತಾಡಿಸಿ ಕಾಫಿ ಕೊಟ್ಟರು. ಹಳೆಯ ಸಿನಿಮಾಗಳ ಮಾತು ಬಂದಾಗ ಅವರು ನೆನೆದದ್ದು ‘ಚೋಮನ ದುಡಿ’ಯನ್ನಲ್ಲ, ‘ಬಂಗಾರದ ಮನುಷ್ಯ’ನನ್ನು! “ನಮ್ಮಪ್ಪ ಆ ಗದ್ದೆ ಮಾಡಿದ್ದು ಥೇಟ್ ರಾಜಕುಮಾರ್ ಮಾಡಿದ ಹಾಗೇ ಮೇಷ್ಟ್ರೇ” ಎಂದರು. ನೆಲ ಕಳೆದುಕೊಂಡ ಮನೆಯಲ್ಲಿ ಚೋಮನಿಗಾಗಿ ಅತ್ತರು. ನೆಲ ಪಡೆದ ಮನೆಯಲ್ಲಿ ರಾಜೀವನನ್ನು ಮೆಚ್ಚಿದರು. ಪುಸ್ತಕದಲ್ಲಿ ಓದಿ ಕಲಿತ ಯಾವ ಲೆಕ್ಕಕ್ಕೂ ಇದು ಸಿಕ್ಕುವುದಿಲ್ಲ. ಇನ್ನು ಚೋಮ? ಆ ಕಾನೂನು ಒಕ್ಕಲಿಗೆ ಭೂಮಿ ಕೊಟ್ಟಿತು. ಚೋಮ ಒಕ್ಕಲೂ ಅಲ್ಲ. ಒಕ್ಕಲಾಗಬೇಕೆಂಬುದೇ ಅವನ ಆಸೆ. ಗೇಣಿಯೇ ಸಿಕ್ಕದವನು ಏಳನೆಯ ನಮೂನೆಯಲ್ಲಿ ಏನೆಂದು ಬರೆಯಬೇಕು? ಅದೇ ಗದ್ದೆಗೆ ನಾಟಿಗೂ ಕೊಯ್ಲಿಗೂ ಬರುತ್ತಿದ್ದ ಆಳುಗಳ ಮನೆಗಳಲ್ಲಿ ಯಾವ ಚಿತ್ರದ ನೆನಪಿದೆಯೆಂದು ಕೇಳಿಕೊಂಡು ಹೋಗಿ ಮಾಡಿದ ಪಟ್ಟಿ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಆಡಿದ ಮಾತಿನ ಕಥೆ ಇಷ್ಟಾಯಿತು. ಆಡಲಾಗದ ಮಾತೂ ಆ ದಶಕದಲ್ಲಿತ್ತು. ‘ಚೋಮನ ದುಡಿ’ ಬಂದ ವರ್ಷವೇ, ಜೂನ್ 25ರಂದು, ತುರ್ತು ಪರಿಸ್ಥಿತಿಯ ಘೋಷಣೆಯಾಗಿ 1977ರ ಮಾರ್ಚ್‌ವರೆಗೆ ನಡೆಯಿತು. ಹಿಂದಿಯಲ್ಲಿ ಅಮೃತ ನಾಹಟಾ ತೆಗೆದಿದ್ದ ‘ಕಿಸ್ಸಾ ಕುರ್ಸಿ ಕಾ’ ಎಂಬ ವಿಡಂಬನೆಯನ್ನು ನೆಗೆಟಿವ್ ಸಮೇತ ಸುಟ್ಟುಹಾಕಲಾಯಿತು. 1978ರಲ್ಲಿ ಅವರು ಅದನ್ನು ಮತ್ತೆ ತೆಗೆಯಬೇಕಾಯಿತು. ಸುಟ್ಟ ರೀಲೂ ಆ ಕಾಲದ ಸಾಕ್ಷಿಯೇ ತಾನೆ? ಪಟ್ಟಿ ಮಾಡುವವರು ಅದನ್ನು ಎಲ್ಲಿ ಸೇರಿಸುತ್ತಾರೋ ಕಾಣೆ.

‘ಸಂಸ್ಕಾರ’ದಲ್ಲಿ ಚಂದ್ರಿಯ ಪಾತ್ರ ವಹಿಸಿದವರು ಸ್ನೇಹಲತಾ ರೆಡ್ಡಿ, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ. ಆ ಚಿತ್ರಕ್ಕೆ ಮೊದಲು ಸೆನ್ಸಾರಿನ ತಡೆ ಬಂತು, ಆಮೇಲೆ ಸ್ವರ್ಣಪದಕ ಬಂತು, ಎರಡೂ ಸರ್ಕಾರದಿಂದಲೇ. 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರ ಬಂಧನವಾಯಿತು. ವಿಚಾರಣೆಯಿಲ್ಲದೆ ಸುಮಾರು ಎಂಟು ತಿಂಗಳು ಅವರನ್ನು ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಆಕೆಗೆ ಮೊದಲೇ ಉಬ್ಬಸದ ಕಾಯಿಲೆ. ಅದು ಅಲ್ಲಿ ಉಲ್ಬಣಿಸಿತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ, 20ನೆಯ ತಾರೀಖು, ತೀರಿಕೊಂಡರು. ಸೆರೆಮನೆಯಲ್ಲಿ ಅವರು ಬರೆದ ದಿನಚರಿ ಮುಂದೆ ಅಚ್ಚಾಯಿತು.

ಇದು ಗೊತ್ತಾದ ಮೇಲೆ ‘ಸಂಸ್ಕಾರ’ ನೋಡಿದರೆ ಚಿತ್ರವೇ ಬದಲಾಗುತ್ತದೆ. ನಾರಣಪ್ಪನ ಹೆಣ ಮನೆಯಲ್ಲಿ ಬಿದ್ದಿದೆ. ಪ್ರಾಣೇಶಾಚಾರ್ಯರು ಶಾಸ್ತ್ರಗ್ರಂಥಗಳಲ್ಲಿ ದಾರಿ ಹುಡುಕುತ್ತಿದ್ದಾರೆ. ಬ್ರಾಹ್ಮಣರು ಬಂಗಾರದ ಕಡೆಗೊಂದು ಕಣ್ಣು, ಧರ್ಮದ ಕಡೆಗೊಂದು ಕಣ್ಣು ಇಟ್ಟು ಚರ್ಚಿಸುತ್ತಿದ್ದಾರೆ. ಯಾರ ಅಪ್ಪಣೆಯನ್ನೂ ಕೇಳದೆ ಚಂದ್ರಿ ಹೆಣವನ್ನು ರಾತ್ರೋರಾತ್ರಿ ಸುಡಿಸಿ ಊರು ಬಿಡುತ್ತಾಳೆ. 1970ರಲ್ಲಿ ನೋಡಿದವರಿಗೆ ಅದು ಕಥೆಯ ಒಂದು ತಿರುವು. ಚಿತ್ರ ತೆಗೆದವರು ಅದಕ್ಕಿಂತ ಹೆಚ್ಚನ್ನು ಉದ್ದೇಶಿಸಿರಲಿಲ್ಲ, ಉದ್ದೇಶಿಸುವಂತೆಯೂ ಇರಲಿಲ್ಲ. ದೊಡ್ಡವರೆಲ್ಲ ಬಾಯಿ ಕಟ್ಟಿಕೊಂಡು ಕುಳಿತಿರುವಾಗ ಒಬ್ಬಳು ಎದ್ದು ಹೋಗಿ ಆಗಬೇಕಾದ್ದನ್ನು ಮಾಡುವ ಆ ದೃಶ್ಯಕ್ಕೆ ಅದರ ಪೂರ್ತಿ ಅರ್ಥವನ್ನು ಮುಂದಿನ ಏಳು ವರ್ಷಗಳು ತುಂಬಿಕೊಟ್ಟವು.

ಹೀಗೆಲ್ಲ ನಾನು ಹೇಳುತ್ತ ಹೋದರೆ ಗೆಳೆಯರು, “ಅದೆಲ್ಲ ಇರಲಿ, ಒಂದು ಹೆಸರು ಹೇಳಿ” ಎಂದು ಹಟ ಹಿಡಿಯುತ್ತಾರೆ. ‘ಬಂಗಾರದ ಮನುಷ್ಯ’ ಮತ್ತು ‘ಚೋಮನ ದುಡಿ’ಗಳನ್ನು ಒಂದೇ ದಿನ, ಒಂದರ ಹಿಂದೆ ಒಂದರಂತೆ ನೋಡಬೇಕೆಂದು ನಾನು ಹೇಳುತ್ತೇನೆ. ಕೊನೆಗೆ ಚಂದ್ರಿಯ ಆ ರಾತ್ರಿ. ಅದು ಒಂದು ಹೆಸರಲ್ಲ, ಮೂರು ಎಂದು ಅವರ ಆಕ್ಷೇಪಣೆ. ಆಕ್ಷೇಪಣೆ ಸರಿಯಾಗಿಯೇ ಇದೆ. ನನ್ನ ಪಟ್ಟಿಯನ್ನು ಅವರು ಇದುವರೆಗೂ ಒಪ್ಪಿಕೊಂಡಿಲ್ಲ.