ಹುಡುಕಿ ಕೊಟ್ಟವರಿಗೆ ಏನು ಕೊಡಬೇಕು?

ನನ್ನ ತಮ್ಮನ ಮಗ ಬೆಂಗಳೂರಿನಾಗ ಇದ್ದಾನ. ಅಲ್ಲಿ ಒಂದೇ ಮಹಡಿಯಲ್ಲಿ ಹತ್ತು ಕಂಪನಿಯವರು ಮೇಜು ಕುರ್ಚಿ ಬಾಡಿಗೆಗೆ ಹಿಡಿದು ಕೂಡತಾರಂತೆ. ಚಹಾ, ಕರೆಂಟು, ಇಂಟರ್ನೆಟ್ ಎಲ್ಲ ಬಾಡಿಗೆಯಲ್ಲೇ. "ಅಲ್ಲಿ ಒಬ್ಬ ಲೈಬ್ರರಿಯನ್ ಕುಂತು, ಬೇಕಾದ ಮಾಹಿತಿ ಹುಡುಕಿ ಕೊಟ್ಟು ರೊಕ್ಕ ತಗೊಂಡರ ಹ್ಯಾಂಗ, ದೊಡ್ಡಪ್ಪ?" ಅಂತ ಕೇಳಿದ. ವಿದ್ಯೆ ಮಾರಬಾರದು ಅನ್ನೋ ಮಾತು ಬಾಯಿಗೆ ಬಂತು, ನುಂಗಿದೆ.

ಯಾಕಂದರ ಅಜ್ಜನ ಕಾಲದ ಹೊಲದ ಕಾಗದಕ್ಕಾಗಿ ನಾನು ಎರಡು ಬೇಸಿಗೆ ತಿರುಗಿದವನು. ಕಡೀಕ ಓದಿಕೊಂಡ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: ಯಾವ ವರ್ಷದ್ದು? 1956ಕ್ಕಿಂತ ಮೊದಲು ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯೊಳಗಿತ್ತು, ಆಗಿನ ಕಾಗದ ಉರ್ದುವಿನಾಗ ಇರತಾವ, ಅದನ್ನು ತಿಳಿದು ಹುಡುಕು ಅಂದರು. ವಾರದಾಗ ಸಿಕ್ಕಿತು. ಹೇಳಿದ್ದು ಅರ್ಧ ಗಳಿಗೆ, ಕಲಿತದ್ದು ಮೂವತ್ತು ವರ್ಷ. ನಾನು ಕೊಟ್ಟದ್ದು ಒಂದು ಚಹಾ.

ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಓದುಗನ ಹೊತ್ತು ಉಳಿಸಬೇಕು ಅನ್ನೋದು ನಾಲ್ಕನೆಯದು. ಓದುಗನ ಕಿಸೆ ನೋಡಬೇಕು ಅಂತ ಒಂದರಾಗೂ ಇಲ್ಲ.

ಹಾಡಿನ ಮಾತೂ ಹಂಗೇ. ಮದುವೆಗೆ ಕರೆದವರು ರೊಕ್ಕ ಕೊಟ್ಟರ ತಗೋತೀನಿ; ಸಾವಿನ ಮನೆಯ ಭಜನೆಗೆ ತಗೊಳ್ಳೋದಿಲ್ಲ. ಗಂಟಲು ಎರಡೂ ಕಡೆ ಅದೇ. ಮೇಜಿಗೆ ಬಾಡಿಗೆ ಕೊಡುವ ಕಂಪನಿ ಹುಡುಕುವವನಿಗೂ ಕೊಡಲಿ, ನ್ಯಾಯ ಅದ. ಆದರ ಪಿಂಚಣಿ ಕಾಗದ ಹಿಡಿದ ಮುದುಕಿಯೊಬ್ಬಳು ಅವನ ಮುಂದೆ ಬಂದು ನಿಂತರ? ಹುಡುಗನಿಗೆ ಇದನ್ನೇ ಕೇಳಿದೆ.

"ಆ ಕಟ್ಟಡದೊಳಗ ಮುದುಕಿನ್ನ ಬಿಡೋದೇ ಇಲ್ಲ, ದೊಡ್ಡಪ್ಪ" ಅಂದ.