ಹಗ್ಗವೆಂದು ತಿಳಿದ ಮೇಲೂ ನಡುಗುವ ಮೈ

ಅಮೆರಿಕದ ಒಹಾಯೊ ರಾಜ್ಯದ ಸ್ಯಾಂಡಸ್ಕಿಯಲ್ಲಿ, ಈರಿ ಸರೋವರಕ್ಕೆ ಚಾಚಿಕೊಂಡ ನೆಲದ ಮೇಲೆ ಸೀಡರ್ ಪಾಯಿಂಟ್ ಎಂಬ ಮನರಂಜನಾ ಉದ್ಯಾನವಿದೆ. ಅಲ್ಲಿ 1991ರಿಂದ ಓಡುತ್ತಿದ್ದ ‘ಮೀನ್ ಸ್ಟ್ರೀಕ್’ ಎಂಬ ಮರದ ರೋಲರ್ ಕೋಸ್ಟರ್ 2016ರ ಸೆಪ್ಟೆಂಬರಿನಲ್ಲಿ ನಿಂತಿತು. ವರ್ಷ ಕಳೆದಂತೆ ಅದರ ಓಟ ಒರಟಾಗಿತ್ತು. ಆದರೂ ಅದನ್ನು ಪೂರ್ತಿ ಕೆಡವಲಿಲ್ಲ. ಹಳೆಯ ಮರದ ಚೌಕಟ್ಟಿನ ಬಹುಭಾಗವನ್ನು ಉಳಿಸಿಕೊಂಡು ಅದರ ಮೇಲೆ ಉಕ್ಕಿನ ಹಳಿ ಜೋಡಿಸತೊಡಗಿದರು. ಕೋಸ್ಟರ್ ಅಭಿಮಾನಿಗಳು ಏರುತ್ತಿದ್ದ ಒಂದೊಂದು ತುಂಡಿನ ಚಿತ್ರ ತೆಗೆದು, ಅದು ಎಷ್ಟು ಓರೆಯಾಗಿದೆ, ಯಾವ ಕಡೆ ತಿರುಚಿದೆ ಎಂದು ಚರ್ಚಿಸಿದರು. 2018ರ ಮೇ ತಿಂಗಳಲ್ಲಿ ಅದು ‘ಸ್ಟೀಲ್ ವೆಂಜನ್ಸ್’ ಎಂಬ ಹೆಸರಿನಲ್ಲಿ ತೆರೆಯಿತು. 205 ಅಡಿ ಎತ್ತರ, 90 ಡಿಗ್ರಿಯ ಕಡಿದಾದ ಇಳಿತ, ಗಂಟೆಗೆ 74 ಮೈಲಿ, ಅಂದರೆ ಸುಮಾರು 119 ಕಿಲೋಮೀಟರ್ ವೇಗ, 5,740 ಅಡಿಯ ಓಟದಲ್ಲಿ ನಾಲ್ಕು ಬಾರಿ ತಲೆಕೆಳಗು. ಇಷ್ಟಿದ್ದರೂ ಅಭಿಮಾನಿಗಳ ಬಾಯಲ್ಲಿ ಹೆಚ್ಚು ಓಡಾಡಿದ ಅಂಕಿ 27.2 ಸೆಕೆಂಡ್. ಒಂದು ಸುತ್ತಿನಲ್ಲಿ ಒಟ್ಟು ಅಷ್ಟು ಹೊತ್ತು ಮೈ ಆಸನ ಬಿಟ್ಟು ಮೇಲೇಳುತ್ತದೆ ಎಂದು ಉದ್ಯಾನ ಲೆಕ್ಕ ಕೊಟ್ಟಿತ್ತು. ಅವರ ಮಾತಿನಲ್ಲಿ ಅದು ‘ಏರ್‌ಟೈಮ್’.

ಉಕ್ಕಿನ ಕಂಬಿಯ ಒಂದು ಹೊಸ ಆಕಾರಕ್ಕೆ ಇಷ್ಟು ಜನ ಸಂಭ್ರಮಪಡುವುದನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಜನ ಅಮಾಯಕರಲ್ಲ. ಹಳಿಗೆ ಗಾಲಿ ಹೇಗೆ ಕಚ್ಚಿಕೊಂಡಿದೆ, ತೊಡೆಯ ಮೇಲಿನ ಹಿಡಿಕೆ ಎಲ್ಲಿ ಲಾಕ್ ಆಗುತ್ತದೆ, ಬ್ರೇಕ್ ಎಲ್ಲಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಬೀಳುವುದಿಲ್ಲವೆಂದು ಅವರಷ್ಟು ಚೆನ್ನಾಗಿ ತಿಳಿದವರು ಸರದಿಯಲ್ಲಿ ಬೇರೆ ಯಾರೂ ಇರುವುದಿಲ್ಲ. ಅಂಥವರ ಎದೆಯೂ ತುದಿಯಲ್ಲಿ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಅಪಾಯವಿಲ್ಲವೆಂಬ ಅರಿವು ಭಯವನ್ನು ಏಕೆ ಓಡಿಸಲಿಲ್ಲ?

ಭಾರತದ ತತ್ತ್ವಚಿಂತನೆಗೆ ಇದು ಹಳೆಯ ಪರಿಚಯದ ಪ್ರಶ್ನೆ. ಮಬ್ಬುಗತ್ತಲಲ್ಲಿ ಬಿದ್ದ ಹಗ್ಗ ಹಾವಿನಂತೆ ಕಾಣುವ ದೃಷ್ಟಾಂತವನ್ನು ಗೌಡಪಾದರು ಮಾಂಡೂಕ್ಯ ಕಾರಿಕೆಗಳಲ್ಲಿ ಬಳಸಿದರು. ಶಂಕರರ ಪರಂಪರೆ ಅದನ್ನು ಮನೆಮಾತಾಗಿಸಿತು. ದೀಪ ತಂದು ನೋಡಿದರೆ ಅದು ಹಗ್ಗ. ಹಾವು ಹೋಯಿತು, ಭಯವೂ ಹೋಯಿತು. ಅಜ್ಞಾನವೇ ಭಯದ ಬೇರು, ಜ್ಞಾನವೇ ಅದಕ್ಕೆ ಮದ್ದು ಎಂಬುದು ಅದರ ಸಾರ. ರೋಲರ್ ಕೋಸ್ಟರ್ ಈ ದೃಷ್ಟಾಂತವನ್ನು ತಿರುಗುಮುರುಗು ಮಾಡುತ್ತದೆ. ಇಲ್ಲಿ ದೀಪ ಮೊದಲೇ ಬೆಳಗುತ್ತಿರುತ್ತದೆ, ಹಗ್ಗವೆಂದು ಎಲ್ಲರಿಗೂ ಗೊತ್ತು, ಆದರೂ ಮೈ ಹಾವನ್ನೇ ಕಂಡಂತೆ ನಡುಗುತ್ತದೆ.

ಯುರೋಪಿನಲ್ಲೂ ಇದನ್ನು ಗಮನಿಸಿದವರಿದ್ದಾರೆ. ಡೇವಿಡ್ ಹ್ಯೂಮ್ 1739ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಎತ್ತರದ ಗೋಪುರದಿಂದ ಹೊರಕ್ಕೆ ತೂಗುಬಿಟ್ಟ ಕಬ್ಬಿಣದ ಪಂಜರದೊಳಗಿನ ಮನುಷ್ಯನನ್ನು ಕಲ್ಪಿಸುತ್ತಾನೆ. ಕಬ್ಬಿಣದ ಗಟ್ಟಿತನ ಅವನಿಗೆ ಅನುಭವದಿಂದಲೇ ಗೊತ್ತು, ಬೀಳುವ ಭಯಕ್ಕೆ ಕಾರಣವಿಲ್ಲ. ಆದರೆ ಕೆಳಗಿನ ಆಳ ಕಂಡಾಗ ಅವನು ನಡುಗದೆ ಇರಲಾರ. ಕೊಳವೆಯಾಕಾರದ ಉಕ್ಕಿನ ಹಳಿಯ ಮೊದಲ ಕೋಸ್ಟರಿಗಿಂತ ಎರಡು ಶತಮಾನ ಮುಂಚೆ ಬರೆದ ಈ ಚಿತ್ರದಲ್ಲಿ ಗಾಲಿಯೊಂದನ್ನು ಬಿಟ್ಟರೆ ಉಳಿದುದೆಲ್ಲ ಇದೆ. ಚಾರ್ಲ್ಸ್ ಡಾರ್ವಿನ್ ತನ್ನ ಮೇಲೆಯೇ ಪರೀಕ್ಷೆ ನಡೆಸಿದ. ಲಂಡನ್ನಿನ ಮೃಗಾಲಯದಲ್ಲಿ ವಿಷದ ಹಾವಿನ ಮುಂದಿದ್ದ ದಪ್ಪ ಗಾಜಿಗೆ ಮುಖ ಒತ್ತಿ, ಹಾವು ಎರಗಿದರೂ ಹಿಂದೆ ಸರಿಯುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡು ನಿಂತ. ಹಾವು ಎರಗಿತು. ನಿಶ್ಚಯ ಏನಾಯಿತೆಂದು ತಿಳಿಯುವ ಮೊದಲೇ ಅವನು ಹಿಂದಕ್ಕೆ ಜಿಗಿದಾಗಿತ್ತು. ಭಾವಗಳ ಅಭಿವ್ಯಕ್ತಿಯ ಬಗ್ಗೆ 1872ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ.

ಹಾಗಾದರೆ ವೇದಾಂತದ ದೃಷ್ಟಾಂತ ಸೋತಿತೆ? ಶೃಂಗೇರಿ ಪೀಠವನ್ನು ಅಲಂಕರಿಸಿದ್ದ, ಹದಿನಾಲ್ಕನೆಯ ಶತಮಾನದ ವಿದ್ಯಾರಣ್ಯರು ಈ ತೊಡಕನ್ನು ಆಗಲೇ ಕಂಡಿದ್ದರು. ‘ಪಂಚದಶೀ’ಯ ತೃಪ್ತಿದೀಪ ಪ್ರಕರಣದಲ್ಲಿ, ಹಗ್ಗವೆಂಬ ಅರಿವು ಮೂಡಿದ ಮೇಲೂ ಮೈನಡುಕ ತಟ್ಟನೆ ನಿಲ್ಲದು, ಮೆಲ್ಲಮೆಲ್ಲನೆ ಇಳಿಯುತ್ತದೆ ಎಂಬ ಮಾತನ್ನು ಅವರು ತರುತ್ತಾರೆ. ಜ್ಞಾನಿಗೂ ಪ್ರಾರಬ್ಧದ ಫಲ ಏಕೆ ಮುಂದುವರಿಯುತ್ತದೆ ಎಂಬುದನ್ನು ವಿವರಿಸುವುದು ಅವರ ಉದ್ದೇಶ. ಅರಿವು ಒಂದು ಕ್ಷಣದಲ್ಲಿ ಬರುತ್ತದೆ, ದೇಹ ಅದನ್ನು ತನ್ನದೇ ನಿಧಾನದಲ್ಲಿ ಒಪ್ಪಿಕೊಳ್ಳುತ್ತದೆ. ಈ ನಡುವಿನ ಅಂತರ ವಿದ್ಯಾರಣ್ಯರ ಸಾಧಕನಿಗೆ ಕಾದು ಕಳೆಯಬೇಕಾದ ಕಾಲ. ಕೋಸ್ಟರ್ ಅಭಿಮಾನಿ ಆ ಅಂತರಕ್ಕೆ ಟಿಕೆಟ್ ಕೊಂಡು ಒಳಗೆ ಹೋಗುತ್ತಾನೆ. ಹೊಸ ಹಳಿಯ ಸಂಭ್ರಮದ ಗುಟ್ಟು ಇಲ್ಲಿದೆ.

ಏಕೆಂದರೆ ನಡುಕ ನಿಜವಾಗಿಯೂ ಇಳಿಯುತ್ತದೆ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ತೆರೆದ ಸ್ವಿಚ್‌ಬ್ಯಾಕ್ ರೈಲ್ವೆ ಗಂಟೆಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಉರುಳುತ್ತಿತ್ತು. ಐದು ಸೆಂಟ್ ಕೊಟ್ಟು ಹತ್ತಲು ಜನ ಮುಗಿಬಿದ್ದರು. ಸೈಕಲ್ ತುಳಿಯುವ ಹುಡುಗನಿಗೂ ಇಂದು ಆ ವೇಗ ಲೆಕ್ಕಕ್ಕಿಲ್ಲ. 1919ರಲ್ಲಿ ಜಾನ್ ಮಿಲ್ಲರ್, ಹಳಿಯ ಅಡಿಯಿಂದಲೂ ಒತ್ತಿ ಹಿಡಿಯುವ ಗಾಲಿಗೆ ಪೇಟೆಂಟ್ ಪಡೆದ. ಬಂಡಿ ಹಳಿ ಬಿಟ್ಟು ಹಾರದು ಎಂಬ ಭರವಸೆ ಸಿಕ್ಕ ಮೇಲೆ ದಿಬ್ಬಗಳು ಕಡಿದಾದವು. ರಕ್ಷಣೆ ಗಟ್ಟಿಯಾದಷ್ಟೂ ಭಯ ದೊಡ್ಡದಾಗಲು ಸಾಧ್ಯವಾಯಿತು. 1959ರಲ್ಲಿ ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್ ಬಾಬ್‌ಸ್ಲೆಡ್ಸ್ ಕೊಳವೆಯಾಕಾರದ ಉಕ್ಕಿನ ಹಳಿಯನ್ನು ತಂದಿತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಆಂಟನ್ ಶ್ವಾರ್ಟ್ಸ್‌ಕಾಫ್ ಮತ್ತು ವೆರ್ನರ್ ಸ್ಟೆಂಗೆಲ್, ಕತ್ತಿಗೆ ಪೆಟ್ಟಾಗದಂತೆ ಹನಿಯಾಕಾರದಲ್ಲಿ ರೂಪಿಸಿದ ಲೂಪ್ ಜನರನ್ನು ತಲೆಕೆಳಗಾಗಿಸಿತು. ಪ್ರತಿ ಸಲವೂ ದೇಹ ಬೆಚ್ಚಿತು, ಪ್ರತಿ ಸಲವೂ ಪಾಠ ಕಲಿಯಿತು. ಬಿಡದಿಯ ವಂಡರ್‌ಲಾದಲ್ಲಿ ‘ರೀಕಾಯಿಲ್’ ಹತ್ತಿದವರಿಗೆ ಇದರ ಚಿಕ್ಕ ರೂಪ ಗೊತ್ತು: ಈಗಷ್ಟೇ ದಾಟಿ ಬಂದ ಹಳಿಯ ಮೇಲೆಯೇ ಬಂಡಿ ಹಿಮ್ಮುಖವಾಗಿ ಮರಳುತ್ತದೆ, ಮನಸ್ಸಿಗೆ ದಾರಿ ಪರಿಚಿತ, ಮೈಗೆ ಎಲ್ಲವೂ ಹೊಸದು.

ಈ ಕಲಿಕೆಯನ್ನು ಮತ್ತೆ ಕದಡಿದ್ದು ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಎಂಬ ಐಡಹೊ ರಾಜ್ಯದ ಕಂಪನಿ. ಸ್ಟೀಲ್ ವೆಂಜನ್ಸ್ ಕಟ್ಟಿದ್ದೂ ಇದೇ. ಫ್ರೆಡ್ ಗ್ರಬ್ ಸ್ಥಾಪಕರಲ್ಲೊಬ್ಬರು, ಅಲನ್ ಶಿಲ್ಕೆ ವಿನ್ಯಾಸಕಾರ. ಮರದ ಕೋಸ್ಟರಿನ ಹಳಿಯೆಂದರೆ ಒಂದರ ಮೇಲೊಂದು ಹಲಗೆ ಪೇರಿಸಿ, ಮೇಲೆ ತೆಳುವಾದ ಉಕ್ಕಿನ ಪಟ್ಟಿ ಬಡಿದದ್ದು. ಮಳೆ ಬಿಸಿಲಿಗೆ ಮರ ಹಿಗ್ಗಿ ಕುಗ್ಗಿ ಸವೆಯುತ್ತದೆ, ಓಟ ಕುಲುಕಾಡುತ್ತದೆ. ಮಾಮೂಲಿ ಉಕ್ಕಿನ ಕೋಸ್ಟರಿಗೆ ಪೈಪು ಬಗ್ಗಿಸಬೇಕು. ಈ ಕಂಪನಿ ಚಪ್ಪಟೆ ಉಕ್ಕಿನ ಪ್ಲೇಟುಗಳನ್ನು ಕಂಪ್ಯೂಟರ್ ಲೆಕ್ಕದಂತೆ ಕತ್ತರಿಸಿ, ವೆಲ್ಡ್ ಮಾಡಿ, ಇಂಗ್ಲಿಷಿನ ‘ಐ’ ಅಕ್ಷರ ಹೋಲುವ ಹಳಿ ರೂಪಿಸಿತು. ‘ಐ-ಬಾಕ್ಸ್’ ಎಂಬ ಈ ಹಳಿಯನ್ನು ಹಳೆಯ ಮರದ ಚೌಕಟ್ಟಿನ ಮೇಲೆಯೇ ಕೂರಿಸಬಹುದು. ಟೆಕ್ಸಸ್‌ನಲ್ಲಿ 1990ರಲ್ಲಿ ತೆರೆದಿದ್ದ ಟೆಕ್ಸಸ್ ಜಯಂಟ್, 2011ರಲ್ಲಿ ಈ ಹಳಿ ತೊಟ್ಟು ‘ನ್ಯೂ ಟೆಕ್ಸಸ್ ಜಯಂಟ್’ ಆಯಿತು. ಎರಡು ವರ್ಷಗಳ ನಂತರ ಸ್ಯಾನ್ ಆಂಟೋನಿಯೊದ ‘ಐರನ್ ರ‍್ಯಾಟ್ಲರ್’ನಲ್ಲಿ, ಮರದ ಚೌಕಟ್ಟಿನ ಮೇಲಿನ ಬಂಡಿ ಪೂರ್ತಿ ಉರುಳಿ ತಲೆಕೆಳಗಾಯಿತು. 2018ರಲ್ಲಿ ಅದೇ ಕಂಪನಿ ‘ರ‍್ಯಾಪ್ಟರ್’ ಎಂಬ ಒಂಟಿ ಹಳಿಯನ್ನು ತಂದಿತು: ಎರಡು ಕಂಬಿಯಿಲ್ಲ, ಪಕ್ಕದಲ್ಲಿ ಜೊತೆಗಾರರಿಲ್ಲ, ಒಬ್ಬರ ಹಿಂದೊಬ್ಬರು ಕೂತು ಕಿರಿದಾದ ಉಕ್ಕಿನ ತೊಲೆಯೊಂದರ ಮೇಲೆ ಧಾವಿಸಬೇಕು.

ಒಂಟಿ ಹಳಿಯಾದರೂ ಗಾಲಿಗಳು ಅದನ್ನು ಅಷ್ಟೇ ಬಿಗಿಯಾಗಿ ಸುತ್ತುವರಿದಿರುತ್ತವೆ. ಹೊರಕ್ಕೆ ವಾಲಿದ ದಿಬ್ಬ, ಮೈ ಎಣಿಸಿದ ದಿಕ್ಕಿಗೆ ಎದುರಾಗಿ ತಿರುಚಿದ ಹಳಿ, ಗುಡ್ಡದ ತುದಿಯಲ್ಲಿ ಚಿಮ್ಮಿಸಿದಂತೆ ಮೇಲೆತ್ತುವ ಬಾಗು, ಇವು ದೇಹ ಅಷ್ಟು ವರ್ಷ ಕಲಿತ ಪಾಠಕ್ಕೆ ಒಗ್ಗದವು. ನಕ್ಷೆ ನೋಡಿದ ಅಭಿಮಾನಿಯ ಬುದ್ಧಿ ಮುಂದೆ ಹೋಗಿದೆ, ಮೈ ಹಿಂದೆ ಉಳಿದಿದೆ. ಮುಚ್ಚಿಹೋಗಿದ್ದ ಅಂತರ ಮತ್ತೆ ತೆರೆದಿದೆ.

ಭಯ ಆನಂದವಾಗುವುದನ್ನು ನಮ್ಮ ಕಾವ್ಯಮೀಮಾಂಸೆ ಬೇರೊಂದು ದಾರಿಯಲ್ಲಿ ವಿವರಿಸಿದೆ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಆ ಚರ್ಚೆ ಪರಿಚಿತ. ಅಭಿನವಗುಪ್ತ ಭಯಾನಕ ರಸಕ್ಕೆ ಎತ್ತಿಕೊಳ್ಳುವ ಉದಾಹರಣೆ, ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ನೆಗೆನೆಗೆದು ಓಡುವ ಜಿಂಕೆ. ಆ ಭಯ ಜಿಂಕೆಯದೂ ಅಲ್ಲ, ಓದುಗನದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿ ಸಾಧಾರಣೀಕರಣಗೊಂಡ ಭಯ, ಆದ್ದರಿಂದಲೇ ಆಸ್ವಾದ್ಯ. ಕೋಸ್ಟರಿನಲ್ಲಿ ಈ ದೂರವೇ ಇಲ್ಲ. ಇಲ್ಲಿ ನೆಗೆಯುವ ಜಿಂಕೆ ಟಿಕೆಟ್ ಕೊಂಡವನೇ. ಹೊಟ್ಟೆಯಲ್ಲಿ ಕಲಸಿದಂತಾಗುವುದು ಅವನಿಗೇ. ಹಾಗಾಗಿ ಇದನ್ನು ಭಯಾನಕ ರಸವೆನ್ನಲು ಬರುವುದಿಲ್ಲ. ಎಡ್ಮಂಡ್ ಬರ್ಕ್ 1757ರಲ್ಲಿ, ಇಮ್ಯಾನ್ಯುಯೆಲ್ ಕಾಂಟ್ 1790ರಲ್ಲಿ ಭವ್ಯತೆಯ ಬಗ್ಗೆ ಬರೆಯುವಾಗ ಹಾಕಿದ ಷರತ್ತು ಇದಕ್ಕೆ ಹೆಚ್ಚು ಹತ್ತಿರ: ಭೀಕರವಾದದ್ದು ಸೆಳೆಯಬೇಕಾದರೆ ನೋಡುವವನು ಸುರಕ್ಷಿತ ನೆಲೆಯಲ್ಲಿರಬೇಕು.

ಆ ಸುರಕ್ಷತೆ ಗೊತ್ತಾಗುವುದು ಹೇಗೆ? ಹತ್ತುವವರಲ್ಲಿ ಯಾರೂ ಬೋಲ್ಟ್ ಎಣಿಸಿ ಕೂರುವುದಿಲ್ಲ. ನ್ಯಾಯದರ್ಶನದ ಭಾಷೆಯಲ್ಲಿ ಅವರ ಅರಿವು ಪ್ರತ್ಯಕ್ಷವಲ್ಲ, ಶಬ್ದಪ್ರಮಾಣ. ನಂಬತಕ್ಕ ಆಪ್ತರ ಮಾತಿನ ಮೇಲೆ ನಿಂತದ್ದು. ಹಳಿ ಪರೀಕ್ಷಿಸುವ ತಂತ್ರಜ್ಞರು, ಹಿಡಿಕೆ ಎಳೆದು ನೋಡುವ ಸಿಬ್ಬಂದಿ, ಪರವಾನಗಿ ಕೊಡುವ ಅಧಿಕಾರಿ, ಇವರೇ ಇಲ್ಲಿನ ಆಪ್ತರು. ಆ ಮಾತು ಹುಸಿಯಾದರೆ ಇಡೀ ಆಟದ ನೈತಿಕ ತಳಹದಿಯೇ ಕುಸಿಯುತ್ತದೆ. 2013ರ ಜುಲೈನಲ್ಲಿ ನ್ಯೂ ಟೆಕ್ಸಸ್ ಜಯಂಟ್‌ನಿಂದ ಮಹಿಳೆಯೊಬ್ಬರು ಬಿದ್ದು ಸತ್ತರು. ಹಿಡಿಕೆಯ ವ್ಯವಸ್ಥೆ ಬದಲಿಸಿ, ಸೀಟ್ ಬೆಲ್ಟ್ ಸೇರಿಸಿ, ಸೆಪ್ಟೆಂಬರಿನಲ್ಲಿ ಅದನ್ನು ಮತ್ತೆ ತೆರೆದರು. ಅಂದು ಆಸನದಲ್ಲಿದ್ದದ್ದು ಹಗ್ಗವಲ್ಲ, ಹಾವೇ. ನವಿರಾದ ಹಳಿಯ ಹೊಗಳಿಕೆಯಲ್ಲಿ ಈ ಸಾವನ್ನು ಮರೆಯುವುದು ಅನ್ಯಾಯ.

2023ರ ಜೂನ್ 30ರಂದು ಉತ್ತರ ಕೆರೊಲೈನಾ ಗಡಿಯ ಕ್ಯಾರೊವಿಂಡ್ಸ್ ಉದ್ಯಾನದಲ್ಲಿ 325 ಅಡಿ ಎತ್ತರದ ‘ಫ್ಯೂರಿ 325’ರ ಆಧಾರದ ಕಂಬವೊಂದು ಬಿರುಕು ಬಿಟ್ಟದ್ದನ್ನು ಮೊದಲು ಕಂಡು ಚಿತ್ರೀಕರಿಸಿದವನು ಒಬ್ಬ ಸಂದರ್ಶಕ. ಕೋಸ್ಟರ್ ನಿಂತಿತು, ಕಂಬ ಬದಲಿಸಿ, ಪರೀಕ್ಷೆ ಮುಗಿಸಿ ಆಗಸ್ಟಿನಲ್ಲಿ ತೆರೆದರು. ಅಭಿಮಾನಿಗಳ ಬೋಲ್ಟು, ವೆಲ್ಡಿಂಗಿನ ಹುಚ್ಚಿಗೆ ಇಲ್ಲಿ ಬೇರೆ ಬೆಲೆ ಬರುತ್ತದೆ. ಕೇಳಿದ ಮಾತನ್ನು ಕಣ್ಣಿನಿಂದ ತಾಳೆ ನೋಡುವವರು ಹೆಚ್ಚಿದಷ್ಟೂ ಆಪ್ತವಾಕ್ಯ ಪ್ರಾಮಾಣಿಕವಾಗಿರಬೇಕಾಗುತ್ತದೆ. ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದು ನಂಬಿಕೆಗೆ ಮಾಡುವ ದ್ರೋಹವಲ್ಲ.

ಅಪಾಯವಿಲ್ಲದ ಭಯ ನಕಲಿ ಎಂಬ ಆಕ್ಷೇಪ ಉಳಿದಿದೆ. ಬೆಟ್ಟ ಹತ್ತುವವನ, ಸಮುದ್ರಕ್ಕಿಳಿಯುವವನ ಭಯವಷ್ಟೇ ಅಸಲಿ, ಇದು ದುಡ್ಡು ಕೊಟ್ಟು ಕೊಂಡದ್ದು ಎನ್ನುತ್ತಾರೆ. ಇಲ್ಲಿ ಇಲ್ಲದಿರುವುದು ಅಪಾಯ. ನಡುಕ ಪೂರ್ತಿ ನಿಜ. ಅಪಾಯ ತೆಗೆದುಹಾಕಿದಾಗ ನಡುಕವೊಂದೇ ಉಳಿಯುವುದರಿಂದ ಅದನ್ನು ಹತ್ತಿರದಿಂದ ನೋಡಲು ಬಿಡುವು ಸಿಗುತ್ತದೆ. ನಿಜವಾದ ಹಾವಿನ ಮುಂದೆ ಯಾರಿಗೂ ಆ ಬಿಡುವಿಲ್ಲ.

ನೂರಾರು ಸಲ ಹತ್ತಿದ ಅಭಿಮಾನಿಗಳು ಹಾಗೆ ನೋಡಿಯೇ ಕಂಡುಕೊಂಡದ್ದೊಂದಿದೆ. ಭಯ ಸವೆಯುತ್ತದೆ, ಏರ್‌ಟೈಮ್ ಸವೆಯುವುದಿಲ್ಲ. ದಿಬ್ಬದ ತುದಿಯಲ್ಲಿ ದೇಹವೂ ಬಂಡಿಯೂ ಒಟ್ಟಿಗೆ ಬೀಳತೊಡಗಿದಾಗ ಆಸನ ಮೈಯನ್ನು ಒತ್ತುವುದು ನಿಲ್ಲುತ್ತದೆ, ಭಾರದ ಅನುಭವ ಇಲ್ಲವಾಗುತ್ತದೆ. ಇದು ಭ್ರಮೆಯಲ್ಲ, ಭೂಮಿಯನ್ನು ಸುತ್ತುವ ಗಗನಯಾತ್ರಿಗಳಿಗೆ ದಿನವಿಡೀ ಆಗುವುದೂ ಇದೇ. ಮೊದಲ ಸುತ್ತಿನಲ್ಲಿ ಚೀರಾಟದ ನಡುವೆ ಕಳೆದುಹೋಗುವ ಈ ಸೆಕೆಂಡುಗಳನ್ನು ಹತ್ತನೆಯ ಸುತ್ತಿನಲ್ಲಿ ಬಿಡಿಬಿಡಿಯಾಗಿ ಗುರುತಿಸಬಹುದು. ಆದ್ದರಿಂದ ಹೊಸ ಹಳಿಯನ್ನು ಅಳೆಯಲು ಅದು ಎಷ್ಟು ಹೆದರಿಸಿತು ಎಂಬ ಅಳತೆ ಸಾಲದು. ಹೆದರಿಕೆ ಇಳಿದ ಮೇಲೆ ಅದರಲ್ಲಿ ಏನು ಉಳಿಯಿತು ಎಂದೂ ಕೇಳಬೇಕು. ಸ್ಟೀಲ್ ವೆಂಜನ್ಸ್ ಬಗ್ಗೆ ಅಭಿಮಾನಿಗಳು ಎತ್ತರಕ್ಕಿಂತ ಹೆಚ್ಚಾಗಿ 27.2 ಸೆಕೆಂಡಿನ ಲೆಕ್ಕವನ್ನು ಆಡಿಕೊಂಡದ್ದು ನೋಡಿದರೆ, ಯಾರೂ ಹೇಳಿಕೊಡದೆ ಅವರು ಆ ಎರಡನೆಯ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ ಎನಿಸುತ್ತದೆ.