ಶಿಲುಬೆಯ ಪ್ರಾಯಶ್ಚಿತ್ತ ಯಾರಿಗೆ?

ಕ್ರಿಸ್ತನ ಮರಣ ಇಡೀ ಮನುಕುಲದ ಪಾಪಕ್ಕೆ ಪ್ರಾಯಶ್ಚಿತ್ತವೋ, ದೇವರು ಮೊದಲೇ ಆರಿಸಿಕೊಂಡವರ ಪಾಪಕ್ಕೆ ಮಾತ್ರವೋ ಎಂಬ ಪ್ರಶ್ನೆ ಪ್ರಾಟೆಸ್ಟೆಂಟ್ ಸಭೆಗಳನ್ನು ನಾಲ್ಕು ಶತಮಾನಗಳಿಂದ ಕಾಡಿದೆ. ಇಲ್ಲಿ ಅದನ್ನು ಚರ್ಚಿಸುವವರು ಮದ್ರಾಸಿನ ತ್ರಿಪ್ಲಿಕೇನಿನ ಇಬ್ಬರು ಕನ್ನಡಿಗರು: ಬಳ್ಳಾರಿ ಮೂಲದ ಕ್ರೈಸ್ತ ಮೇಷ್ಟ್ರು ಮತ್ತು ಮಾಧ್ವ ಮನೆತನದ ವಿದ್ಯಾರ್ಥಿ.

ವಿದ್ಯಾರ್ಥಿ: ಎಲ್ಲರಿಗಾಗಿ ಸತ್ತನೆಂದರೆ ಎಲ್ಲರೂ ಉದ್ಧಾರವಾಗಬೇಕಲ್ಲ ಮೇಷ್ಟ್ರೇ?

ಮೇಷ್ಟ್ರು: ಸುಧಾರಕ ಕ್ಯಾಲ್ವಿನನ ಅನುಯಾಯಿಗಳ ವಾದವೂ ಅದೇ. ಕ್ರಿಸ್ತ ದಂಡನೆ ಹೊತ್ತ ಮೇಲೆ ಅದೇ ಪಾಪಕ್ಕೆ ಎರಡನೆಯ ಸಲ ದಂಡನೆ ಸಲ್ಲದು. ಡಚ್ ಪಂಡಿತ ಆರ್ಮೀನಿಯಸನ ಕಡೆಯವರು 1610ರಲ್ಲಿ, ಸತ್ತದ್ದು ಎಲ್ಲರಿಗಾಗಿ, ಫಲ ಮಾತ್ರ ನಂಬಿದವರಿಗೆ ಎಂದರು. ಅವರಿಗೆ ಉತ್ತರವಾಗಿ 1618–19ರಲ್ಲಿ ಹಾಲೆಂಡಿನಲ್ಲಿ ಡಾರ್ಟ್ ಸಿನಡ್ ಎಂಬ ಧರ್ಮಸಭೆ ಸೇರಿತು. ಆ ಮರಣದ ಬೆಲೆ ಇಡೀ ಲೋಕಕ್ಕೆ ಸಾಲುತ್ತದೆ, ಆದರೆ ಅದರಿಂದ ಬಿಡುಗಡೆಯಾಗುವವರು ಆಯ್ಕೆಯಾದವರೇ ಎಂಬುದು ಅದರ ತೀರ್ಪು.

ವಿದ್ಯಾರ್ಥಿ: ಮಧ್ವಾಚಾರ್ಯರು ಹೇಳಿದ ಮುಕ್ತಿಯೋಗ್ಯ, ನಿತ್ಯಸಂಸಾರಿ, ತಮೋಯೋಗ್ಯ ಜೀವರ ಹಾಗೆಯೇ?

ಮೇಷ್ಟ್ರು: ಮೇಲ್ನೋಟಕ್ಕೆ ಹೌದು. ಆದರೆ ಮಾಧ್ವರಲ್ಲಿ ಭೇದ ಇರುವುದು ಜೀವದ ಅನಾದಿ ಸ್ವಭಾವದಲ್ಲೇ. ಕ್ಯಾಲ್ವಿನನ ಪ್ರಕಾರ ಯೋಗ್ಯತೆ ಯಾರಿಗೂ ಇಲ್ಲ, ಎಲ್ಲರೂ ಸಮಾನ ಪಾಪಿಗಳು. ಆರಿಸುವುದು ದೇವರ ಚಿತ್ತವೊಂದೇ. ಕ್ಯಾಲ್ವಿನನಿಗೆ ಹೆಚ್ಚು ಹತ್ತಿರ ನಮ್ಮ ಪಾರ್ಥಸಾರಥಿ ಗುಡಿಯ ಶ್ರೀವೈಷ್ಣವರು. ಅಲ್ಲಿಯ ತೆಂಗಲೆ ನಾಮ ನೋಡಿದ್ದೀಯಲ್ಲ, ಮೂಗಿನ ಮೇಲಕ್ಕೂ ಪಾದ ಇಳಿದಿರುತ್ತದೆ. ಅವರ ಮಾರ್ಜಾಲ ನ್ಯಾಯದಲ್ಲಿ ಮರಿ ಏನೂ ಮಾಡುವುದಿಲ್ಲ, ತಾಯಿಬೆಕ್ಕೇ ಕಚ್ಚಿ ಒಯ್ಯುತ್ತದೆ.

ವಿದ್ಯಾರ್ಥಿ: ತಾಯಿ ಬಿಟ್ಟುಹೋದ ಮರಿಯ ಗತಿ?

ಮೇಷ್ಟ್ರು: ತೆಂಗಲೆಯವರು ಹಾಗೆ ಬಿಡುವ ತಾಯಿಯನ್ನು ಹೇಳುವುದಿಲ್ಲ, ಕ್ಯಾಲ್ವಿನನವರು ಹೇಳುತ್ತಾರೆ. ಮೆಥಡಿಸ್ಟ್ ಚಳವಳಿಯ ವೆಸ್ಲಿ 1739ರಲ್ಲಿ ಸಿಡಿದೆದ್ದದ್ದು ಅದಕ್ಕೇ: ಎಲ್ಲರನ್ನೂ ಕರೆದು, ಕೆಲವರನ್ನು ಉಳಿಸುವ ಮನಸ್ಸೇ ಇಲ್ಲದಿದ್ದರೆ ದೇವರು ಕಪಟಿಯಾಗುತ್ತಾನೆ. ನನಗೂ ಆ ಮಾತೇ ಸರಿ. ಹಾಗಂತ ಡಾರ್ಟಿಗೆ ಅನ್ಯಾಯ ಮಾಡಬಾರದು. ಸುವಾರ್ತೆಯನ್ನು ಭೇದವಿಲ್ಲದೆ ಸಾರಬೇಕೆಂದು ಅದೂ ವಿಧಿಸಿತ್ತು.

ವಿದ್ಯಾರ್ಥಿ: ಕನ್ನಡ ಕ್ರೈಸ್ತರು ಯಾವ ಪಕ್ಷ?

ಮೇಷ್ಟ್ರು: ಎರಡೂ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್ನಿನವರು, ಬಹುಮಟ್ಟಿಗೆ ಕ್ಯಾಲ್ವಿನನ ದಾರಿ. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್. 1947ರ ಸೆಪ್ಟೆಂಬರ್ 27ರಂದು ಇದೇ ಊರಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆಂಗ್ಲಿಕನ್ನರೊಂದಿಗೆ ಈ ಎರಡು ಪರಂಪರೆಗಳೂ ಕೂಡಿದವು.

ವಿದ್ಯಾರ್ಥಿ: ಜಗಳ ತೀರಿಸಿಕೊಂಡೇ?

ಮೇಷ್ಟ್ರು: ಇಲ್ಲ. ಬೈಬಲ್ ಜೊತೆಗೆ ಅಪೊಸ್ತಲರ ಮತ್ತು ನೈಸಿಯಾದ ವಿಶ್ವಾಸಪ್ರಮಾಣಗಳನ್ನು ಒಪ್ಪಿದರು. ಪ್ರಾಯಶ್ಚಿತ್ತದ ವ್ಯಾಪ್ತಿಯನ್ನು ಆ ಪ್ರಮಾಣಗಳು ಗೆರೆ ಕೊರೆದಂತೆ ಹೇಳುವುದಿಲ್ಲ. ಕರ್ತನ ಭೋಜನಕ್ಕೆ ಬರುವವರು ಅದಕ್ಕೆ ಉತ್ತರ ಹೇಳಬೇಕೆಂಬ ಷರತ್ತನ್ನೂ ಸಭೆ ಹಾಕಲಿಲ್ಲ.